ತಿಕೋಟಾ ಬಸ್ ನಿಲ್ದಾಣದ ಹನ್ನೊಂದು ವೀರಗಲ್ಲು

ಬಬಲೇಶ್ವರದ ಕಡೆಯ ಹೊಲವೊಂದರಲ್ಲಿ ತಲೆತಲಾಂತರದಿಂದ ನಿಂತಿದ್ದ ವೀರಗಲ್ಲನ್ನು ನಾನು ತಿಕೋಟಾ ಬಸ್ ನಿಲ್ದಾಣಕ್ಕೆ ತಂದಿಟ್ಟೆ. ಹಾರೆ ಹಿಡಿಯಲಿಲ್ಲ, ಟ್ರ್ಯಾಕ್ಟರ್ ತರಿಸಲಿಲ್ಲ. ಫೋನಿನಲ್ಲಿ ಒಂದು ಹಸಿರು ಗುಂಡಿ ಒತ್ತಿದೆ, ಅಷ್ಟೇ. ಒಂದಲ್ಲ, ಹನ್ನೊಂದು ಕಲ್ಲುಗಳನ್ನು ಹೀಗೇ ಸಾಗಿಸಿದ್ದೇನೆ. ಉಳಿದ ಹತ್ತರಿಂದ ಯಾರಿಗೂ ತೊಂದರೆಯಾಗಲಿಲ್ಲ. ಈ ಒಂದು ಕಲ್ಲು ಮಾತ್ರ ನನ್ನನ್ನು ಸುಮ್ಮನೆ ಬಿಡಲಿಲ್ಲ.

ವಿಜಯಪುರದ ಸಿದ್ಧೇಶ್ವರ ಗುಡಿಯ ಹತ್ತಿರದ ಓಣಿಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮನೆ ಇಬ್ರಾಹಿಂಪುರದಲ್ಲಿ. ಮದುವೆ ಆಲ್ಬಮ್ಮಿನ ಕಾಲ ಮುಗಿದ ಮೇಲೆ ನನಗೆ ಉಳಿದದ್ದು ಪರೀಕ್ಷೆಯ ಅರ್ಜಿಗೆ ಬೇಕಾದ ಸಣ್ಣ ಫೋಟೋ, ತೀರಿಕೊಂಡವರ ಫೋಟೋ ದೊಡ್ಡದು ಮಾಡಿಕೊಡುವುದು, ಇಂಥವೇ. ಆದರೆ ನನಗೆ ಇನ್ನೊಂದು ವಿದ್ಯೆ ಗೊತ್ತು. ಹಳೆಯ ಕಲ್ಲುಗಳ ಫೋಟೋ ತೆಗೆಯುವುದು. ಹಿಂದೆ ಸಂಶೋಧನೆಗೆಂದು ಬಂದವರು ಜೀಪಿನಲ್ಲಿ ನನ್ನನ್ನು ಹತ್ತಿಸಿಕೊಂಡು ಹೋಗುತ್ತಿದ್ದರು. ಕಲ್ಲಿನ ಮುಂದೆ ನಿಂತು ನೇರ ಬಿಸಿಲಿನಲ್ಲಿ ಕ್ಲಿಕ್ ಮಾಡಿದರೆ ಬರೀ ಬಂಡೆ ಕಾಣುತ್ತದೆ. ಬೆಳಕು ಪಕ್ಕದಿಂದ ಓರೆಯಾಗಿ ಬೀಳಬೇಕು, ಆಗ ಕುದುರೆಯ ಕಾಲು, ಕತ್ತಿಯ ಮೊನೆ, ಅಕ್ಷರ ಎಲ್ಲ ಎದ್ದು ಬರುತ್ತವೆ. ಅದಕ್ಕಾಗಿ ಮನೆಯ ಗೋಡೆಯ ಕನ್ನಡಿ ಬಿಚ್ಚಿಕೊಂಡು ಹೋಗುತ್ತಿದ್ದೆ.

"ಕಲ್ಲಿಗೆ ಕನ್ನಡಿ ತೋರ್ಸೋ ಗಂಡ ಸಿಕ್ಕಾನ ನನಗ. ಯಾವ ಜನ್ಮದ ಪುಣ್ಯಾನೋ ಏನೋ" ಎಂದು ಹೆಂಡತಿ ಚಾಷ್ಟಿ ಮಾಡುತ್ತಿದ್ದಳು.

ಆ ಸಂಶೋಧಕರು ಫೋಟೋ ಒಯ್ದರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಎಷ್ಟೋ ವರ್ಷಗಳ ಮೇಲೆ ಇಲ್ಲಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮೇಡಂ ಒಬ್ಬರು ಸ್ಟುಡಿಯೋಕ್ಕೆ ಬಂದು ತಮ್ಮ ಲ್ಯಾಪ್‌ಟಾಪಿನಲ್ಲಿ ಒಂದು ಲೇಖನ ತೋರಿಸಿದರು. ಮೊದಲ ಪುಟದಲ್ಲಿ ಅಂಗೈಯಷ್ಟು ಅಗಲದ ಫೋಟೋ, ನಾನು ತೆಗೆದದ್ದೇ. ಮುಂದಿನ ಪುಟ ತೆರೆಯಲು ಹೋದರೆ ಸದಸ್ಯರಿಗಷ್ಟೇ ಪ್ರವೇಶ ಎಂದು ಬಂತು. ನನ್ನ ಫೋಟೋ, ನಮ್ಮೂರ ಕಲ್ಲು, ಒಳಗೆ ಏನು ಬರೆದಿದ್ದಾರೆಂದು ನೋಡಲು ನಾವೇ ಪರಕೀಯರು. ನನಗೆ ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ. ಅವತ್ತು ಮೇಡಂ ಎದುರಿಗೆ ಬೈಯಬಾರದೆಂದು ಬಾಯಿ ಬಿಗಿಹಿಡಿದು ಕೂತೆ.

"ಅದಕ್ಕ ಬಂದೀನ್ರಿ ಕಾಕಾ" ಎಂದರು ಮೇಡಂ. "ಈಗ ಒಂದು ನಕ್ಷೆ ಮಾಡಾಕತ್ತಾರ. ಯಾರು ಬೇಕಾದ್ರೂ ಫೋನಿನಿಂದ ಕಲ್ಲಿನ ಫೋಟೋ ಕಳಸಬಹುದು, ಯಾರು ಬೇಕಾದ್ರೂ ನೋಡಬಹುದು. ನಮ್ಮ ಕಡೆಯಿಂದ ಕಳಸೋರೇ ಇಲ್ಲ. ನಿಮ್ಮಷ್ಟು ಕಲ್ಲು ಬಲ್ಲವರು ಯಾರದಾರ?"

ಹೊಗಳಿಕೆಗೆ ನಾನು ಬೇಗ ಉಬ್ಬುತ್ತೇನೆ. ಅದೂ ಅಲ್ಲದೆ ಪ್ರತಿ ಫೋಟೋದ ಕೆಳಗೆ ತೆಗೆದವರ ಹೆಸರು ಬರುತ್ತದೆಂದು ಅವರು ಹೇಳಿದರು. ಆಯಿತೆಂದೆ.

ಕೆಲಸ ಶುರುವಾದಾಗ ನಮ್ಮ ಕಡೆಯ ಒಂದು ಪದ್ಧತಿ ಅಡ್ಡ ಬಂತು. ಹೊಲದಲ್ಲಿ, ಊರ ಬಾಗಿಲಲ್ಲಿ ನಿಂತ ವೀರಗಲ್ಲುಗಳೆಲ್ಲ ಯಾರದೋ ಮನೆದೇವರು. ಅಮಾವಾಸ್ಯೆ ಬಂದರೆ ಸುಣ್ಣ ಬಳಿದು, ಮೇಲೆ ಎಣ್ಣೆ ಸುರಿದು, ಭಂಡಾರದ ಅರಿಶಿನ ಹಚ್ಚುತ್ತಾರೆ. ವರ್ಷಗಟ್ಟಲೆ ಹಾಗೆ ಬಳಿದು ಬಳಿದು ಒಳಗಿನ ವೀರ ಹೊದ್ದು ಮಲಗಿದವನಂತೆ ಕಾಣುತ್ತಾನೆ. ಸುಣ್ಣ ಕೆರೆಯುವ ಹಾಗಿಲ್ಲ. ಕೆರೆದರೆ ಮನೆಯವರು ನಮ್ಮನ್ನು ಕೆರೆಯುತ್ತಾರೆ.

ಇದಕ್ಕೆ ದಾರಿ ತೋರಿಸಿದವಳು ಬಬಲೇಶ್ವರದ ಕಡೆಯ ಆ ಹೊಲದ ಹೆಣ್ಣುಮಗಳು. ಐವತ್ತರ ಆಸುಪಾಸಿನವಳು. ಕುರಿ ಸಾಕುವ ಮನೆತನ. ಗಂಡ ಹಿಂಡಿನ ಬೆನ್ನು ಹತ್ತಿ ಊರೂರು ತಿರುಗುತ್ತಾನೆ, ಹೊಲ ಇವಳ ಕೈಯಲ್ಲಿ. ಕಲ್ಲಿಗೆ ಅವರು ಕರೆಯುವುದು ಅಜ್ಜ ಎಂದೇ. ನಾನು ಹೋದಾಗ ಅಮಾವಾಸ್ಯೆ ಮುಗಿದು ಎರಡೇ ದಿನವಾಗಿತ್ತು, ಕಲ್ಲು ಬೆಳ್ಳಗೆ ಮಿರಮಿರ ಮಿಂಚುತ್ತಿತ್ತು. ಸ್ವಲ್ಪವೇ ಸ್ವಲ್ಪ ಒರೆಸಲೇ ಎಂದು ಕೇಳಿದೆ.

"ಅಜ್ಜನ ಮೈಮ್ಯಾಲಿನ ಅಂಗಿ ಕಳದು ಫೋಟೋ ತಗೀತೀರೇನ್ರಿ ಅಣ್ಣಾರ?" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ತಾನೇ ಹೇಳಿದಳು, "ಮುಂದಿನ ಅಮಾಸಿ ಹಿಂದಿನ ದಿನ ಬರ್ರಿ. ಅಷ್ಟೊತ್ತಿಗೆ ಬಿಸಲಿಗೆ, ಗಾಳಿಗೆ ಸುಣ್ಣೆಲ್ಲ ಉದುರಿರತೈತಿ. ಅಜ್ಜ ಚಂದ ಕಾಣತಾನ."

ಇಷ್ಟು ವರ್ಷ ಕಲ್ಲಿನ ಹಿಂದೆ ಬಿದ್ದವನಿಗೆ ಇದು ಹೊಳೆದಿರಲಿಲ್ಲ. ಅಂದಿನಿಂದ ನನ್ನ ತಿರುಗಾಟವೆಲ್ಲ ಪಂಚಾಂಗ ನೋಡಿ ನಡೆಯಿತು. ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ವಿಜಯಪುರದಿಂದ ತಿಕೋಟಾ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ದ್ರಾಕ್ಷಿ ತೋಟಗಳ ನಡುವೆ ಕಾಲ್ನಡಿಗೆ. ತಿಂಗಳಿಗೆ ಒಂದೇ ದಿನ ಸಿಗುತ್ತಿದ್ದರಿಂದ ಎರಡು ವರ್ಷಕ್ಕೆ ಹನ್ನೊಂದು ಕಲ್ಲಾದವು. ಕೆಲವು ಸಲ ಮೋಡ, ಕೆಲವು ಸಲ ಮನೆಯವರು ಒಂದು ದಿನ ಮೊದಲೇ ಸುಣ್ಣ ಬಳಿದಿರುತ್ತಿದ್ದರು.

ಅಜ್ಜನ ಕಲ್ಲು ಅವುಗಳಲ್ಲೆಲ್ಲ ಚೆಲುವಾದದ್ದು. ಕೆಳಗೆ ದನಗಳನ್ನು ಬೆನ್ನ ಹಿಂದೆ ಬಿಟ್ಟುಕೊಂಡು ಈಟಿ ಹಿಡಿದು ನಿಂತವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನು. ಫೋಟೋ ತೆಗೆದ ದಿನ ಅವಳು ನನಗೆ ಮಜ್ಜಿಗೆ ಕೊಟ್ಟು ಕೇಳಿದಳು, ಇದರಿಂದ ಅಜ್ಜನಿಗೆ ಏನು ಉಪಯೋಗ ಎಂದು.

"ನಕ್ಷಾದಾಗ ಹೆಸರು ಬಿದ್ರ ಯಾರೂ ಮುಟ್ಟಂಗಿಲ್ಲ ತಂಗಿ. ಇದು ಇಲ್ಲೇ ಐತಿ ಅಂತ ದುನಿಯಾಕ್ಕೆಲ್ಲ ಗೊತ್ತಾಗತೈತಿ" ಎಂದೆ. ದೊಡ್ಡ ಅಧಿಕಾರಿಯ ಹಾಗೆ ಹೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ತಪ್ಪಾದದ್ದು ಕಳಿಸುವಾಗ. ಆ ಹೊಲಗಳಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲ. ಬ್ಯಾಟರಿ ಉಳಿಯಲಿ ಎಂದು ನಾನು ಲೊಕೇಶನ್ ಬಂದ್ ಮಾಡಿಟ್ಟು, ಬರೀ ಫೋಟೋ ತೆಗೆದುಕೊಂಡು ವಾಪಸ್ ಬರುತ್ತಿದ್ದೆ. ತಿಕೋಟಾ ಬಸ್ ನಿಲ್ದಾಣಕ್ಕೆ ಬಂದರೆ ನೆಟ್‌ವರ್ಕ್ ಜೋರು. ವಿಜಯಪುರದ ಬಸ್ಸು ಬರುವತನಕ ಚಹಾ ಕುಡಿಯುತ್ತ, ಅಲ್ಲಿಯೇ ಲೊಕೇಶನ್ ಚಾಲೂ ಮಾಡಿ ಕಳಿಸುತ್ತಿದ್ದೆ. ಪ್ರತಿ ಸಲ ಒಂದು ಪ್ರಶ್ನೆ ಇಂಗ್ಲಿಷಿನಲ್ಲಿ ಬರುತ್ತಿತ್ತು. ಕೆಳಗೆ ಒಂದು ಕೆಂಪು ಗುಂಡಿ, ಒಂದು ಹಸಿರು. ಹಸಿರು ಒತ್ತಿದರೆ ಫೋಟೋ ಹೋಗುತ್ತಿತ್ತು. ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುವುದು, ಓದಲು ಬಾರದಿದ್ದರೆ ಹಸಿರು ಒತ್ತುವುದು. ಆ ಪ್ರಶ್ನೆ ಏನಿತ್ತೆಂದು ಆಮೇಲೆ ತಿಳಿಯಿತು: ನೀವು ಈಗ ನಿಂತಿರುವ ಜಾಗವೇ ಕಲ್ಲಿನ ಜಾಗವೇ? ಹನ್ನೊಂದು ಸಲ ಹೌದೆಂದಿದ್ದೇನೆ.

ಆದರೆ ಆಗ ಇದ್ಯಾವುದೂ ಗೊತ್ತಿಲ್ಲದೆ ಮೀಸೆ ತಿರುವಿಕೊಂಡು ಓಡಾಡಿದೆ. ಅಜ್ಜನ ಹೊಲದವಳ ಮಗಳು ವಿಜಯಪುರದಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಾಳೆ. ಆ ಹುಡುಗಿ ತನ್ನ ಫೋನಿನಲ್ಲಿ ಅಜ್ಜನ ಫೋಟೋವನ್ನೂ ಅದರ ಕೆಳಗಿನ ನನ್ನ ಹೆಸರನ್ನೂ ನೋಡಿ ಅವ್ವನಿಗೆ ಹೇಳಿದಳಂತೆ. ನಕ್ಷೆ ತೆರೆದು ಚುಕ್ಕಿ ಎಲ್ಲಿದೆ ಎಂದು ಅವಳೂ ನೋಡಲಿಲ್ಲ, ನಾನೂ ನೋಡಲಿಲ್ಲ.

ಕಳೆದ ಬೇಸಿಗೆಯ ಹೊತ್ತಿಗೆ ಒಂದು ಮಧ್ಯಾಹ್ನ ಸ್ಟುಡಿಯೋಕ್ಕೆ ಊರೊಳಗಿಂದ ಆ ಹುಡುಗಿಯ ಅವ್ವನ ಫೋನು ಬಂತು. ಗುಂಡಿ ಒತ್ತುವ ಸಣ್ಣ ಫೋನು ಅವಳದು, ಧ್ವನಿ ಕಡಿದು ಕಡಿದು ಬರುತ್ತಿತ್ತು.

"ಅಣ್ಣಾರ, ಅಜ್ಜನ ಮ್ಯಾಲ ಕೆಂಪು ಬಣ್ಣದಾಗ ಗುರ್ತು ಮಾಡ್ಯಾರ. ಕಾಲಿವಿ ಇದರ ಮ್ಯಾಲೇ ಹೋಗತೈತಂತ. ಲಗೂನ ಬರ್ರಿ."

ಮರುದಿನ ಮೊದಲ ಬಸ್ಸಿಗೇ ಹೋದೆ. ಕಾಲುವೆಯ ಕೆಲಸ ನೋಡಿಕೊಳ್ಳುವ ಎಂಜಿನಿಯರ್ ಅಲ್ಲೇ ಇದ್ದ. ಜಗಳಕ್ಕೆ ಸಿದ್ಧನಾಗಿ ಹೋಗಿದ್ದ ನನಗೆ ಅವನ ವಿನಯ ನೋಡಿ ಅರ್ಧ ಹುರುಪು ಇಳಿಯಿತು. ಬರ್ರಿ ಯಜಮಾನ್ರ ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟ. ದಾಖಲೆಯಲ್ಲಿರುವ ಕಲ್ಲಾದರೆ ತಾನು ಮುಟ್ಟುವುದೇ ಇಲ್ಲ, ಕಾಲುವೆಯನ್ನೇ ಸ್ವಲ್ಪ ಸರಿಸುತ್ತೇನೆ ಎಂದ. ಸಮಾಧಾನದಿಂದ ನಾನು ನಕ್ಷೆಯ ಹೆಸರು ಹೇಳಿದೆ. ಅವನು ತನ್ನ ಫೋನು ತೆರೆದ. ಅವನ ಕಂಪನಿಯದಕ್ಕೆ ಅಲ್ಲಿಯೂ ನೆಟ್‌ವರ್ಕ್ ಸಿಗುತ್ತಿತ್ತು.

"ಇಲ್ಲಿ ಏನೂ ಇಲ್ಲಲ್ರಿ."

"ಸರಿಯಾಗಿ ನೋಡ್ರಿ ಸಾಹೇಬ್ರ. ನಾನೇ ಹಾಕೀನಿ."

ಅವನು ಬೆರಳಿನಿಂದ ನಕ್ಷೆಯನ್ನು ಅತ್ತಿತ್ತ ಎಳೆದ. ಆಮೇಲೆ ಫೋನು ನನ್ನ ಕಡೆ ತಿರುಗಿಸಿದ. ತಿಕೋಟಾ ಬಸ್ ನಿಲ್ದಾಣದ ಮೇಲೆ ಹನ್ನೊಂದು ಕೆಂಪು ಚುಕ್ಕಿ ಒಂದರ ಮೇಲೊಂದು ಬಿದ್ದಿದ್ದವು. ಒಂದನ್ನು ಒತ್ತಿದರೆ ಅಜ್ಜ ಬಂದ, ಕೆಳಗೆ ನನ್ನ ಹೆಸರು.

ಎಂಜಿನಿಯರ್ ಕಲ್ಲನ್ನೊಮ್ಮೆ ನೋಡಿದ, ಫೋನನ್ನೊಮ್ಮೆ ನೋಡಿದ. "ಕಲ್ಲು ಇದೇ, ಖರೇ. ಆದ್ರ ದಾಖಲಾತಿ ಪ್ರಕಾರ ಇದರ ಜಾಗಾ ತಿಕೋಟಾ ಐತಿ. ಹಂಗಾದ್ರ ಒಂದು ಕೆಲಸ ಮಾಡೂನು. ಕ್ರೇನ್ ನಮ್ಮದೇ ಐತಿ, ಹುಷಾರಾಗಿ ಎತ್ತಿ ತಿಕೋಟಾದಾಗ ಕಟ್ಟಿ ಕಟ್ಟಿಸಿ ನಿಲ್ಲಸ್ತೀವಿ. ನಾಲ್ಕು ಮಂದಿ ನೋಡತಾರ."

ಅವನು ಚೇಷ್ಟೆ ಮಾಡುತ್ತಿರಲಿಲ್ಲ. ನಿಜವಾಗಿಯೂ ಒಳ್ಳೆಯ ದಾರಿ ಸಿಕ್ಕಿತೆಂದು ಖುಷಿಯಾಗಿದ್ದ. ಕಲ್ಲಿನ ಪಕ್ಕ ಅವಳು ಎರಡೂ ಕೈ ಅದರ ಮೇಲಿಟ್ಟುಕೊಂಡು ನಿಂತಿದ್ದಳು. "ಅಜ್ಜ ತಿಕೋಟಾಕ್ಕ ಯಾಕ ಹೋಗತಾನ್ರಿ?" ಎಂದು ನನ್ನನ್ನೇ ಕೇಳಿದಳು. ನಾನು ನೆಟ್‌ವರ್ಕಿನ ಮೇಲೆ ಗೂಬೆ ಕೂರಿಸಿದೆ. "ನೆಟ್‌ವರ್ಕಿಂದು ಏನೋ ಗದ್ದಲ ಆಗೇತಿ, ಸರಿ ಮಾಡಸ್ತೀನಿ" ಎಂದೆ. ತಪ್ಪು ನನ್ನದೆಂದು ಹೇಳಲು ನಾಲಿಗೆ ಏಳಲಿಲ್ಲ. ಎಂಜಿನಿಯರ್ ಎಂಟು ದಿನದ ಸಮಯ ಕೊಟ್ಟ. ಅಷ್ಟರಲ್ಲಿ ನಕ್ಷೆಯಲ್ಲಿ ಸರಿಯಾದರೆ ಸರಿ, ಇಲ್ಲದಿದ್ದರೆ ಕ್ರೇನ್.

ತಿದ್ದುವುದು ಕಳಿಸಿದಷ್ಟು ಸುಲಭವಿರಲಿಲ್ಲ. ಕಳಿಸಲು ಯಾರು ಬೇಕಾದರೂ ಆಗುತ್ತಿತ್ತು, ತಿದ್ದಲು ಯಾವುದಾದರೂ ಸಂಸ್ಥೆಯ ಮೇಲ್ ಬೇಕು. ಗುಡಿಯ ಹತ್ತಿರದ ಸ್ಟುಡಿಯೋಕ್ಕೆ ಎಲ್ಲಿಯ ಸಂಸ್ಥೆ? ಮೇಡಂ ತಮ್ಮ ಕಾಲೇಜಿನ ಮೇಲ್‌ನಿಂದ ಪ್ರಯತ್ನಿಸಿದರು. ಮೂರನೇ ದಿನ ಉತ್ತರ ಬಂತು. ಅದನ್ನು ಓದಿ ಹೇಳಲು ಅವರೇ ಸ್ಟುಡಿಯೋಕ್ಕೆ ಬಂದರು. ಕಳಿಸಿದವನೇ ತಪ್ಪಾಗಿದೆಯೆಂದು ಬರೆದುಕೊಡಬೇಕು. ಹಾಗೆ ಬರೆದುಕೊಟ್ಟರೆ ಈ ಕಲ್ಲಿನ ಜಾಗ ತಪ್ಪಾಗಿತ್ತೆಂದು ನಕ್ಷೆಯವರು ಪತ್ರ ಕೊಡುತ್ತಾರೆ. ಆದರೆ ಅವನು ಕಳಿಸಿದ ಯಾವುದನ್ನೂ ನಂಬುವಂತಿಲ್ಲ, ಹನ್ನೊಂದನ್ನೂ ತೆಗೆದುಹಾಕುತ್ತಾರೆ. ಮತ್ತೆ ಹಾಕಬೇಕಾದರೆ ಅವರ ತಂಡವೇ ಬಂದು ನೋಡಬೇಕು.

"ಯಾವಾಗ ಬರತಾರ್ರಿ?"

"ಅದು ಬರದಿಲ್ಲ ಕಾಕಾ."

ಎರಡು ದಿನ ಇದನ್ನೇ ತಲೆಯಲ್ಲಿಟ್ಟುಕೊಂಡು ಕೆಲಸ ಮಾಡಿದೆ. ಪರೀಕ್ಷೆಯ ಫೋಟೋಕ್ಕೆ ಬಂದ ಮಗುವಿನ ಮೇಲೆ ರೇಗಿದೆ. ಮನಸ್ಸಿನಲ್ಲಿ ಬಂದದ್ದನ್ನು ಬಂದ ಹಾಗೆ ಬರೆಯುತ್ತೇನೆ: ಕಲ್ಲು ತಿಕೋಟಾಕ್ಕೆ ಹೋದರೆ ಏನಾಗುತ್ತದೆ ಎಂದು ಯೋಚಿಸಿದೆ. ಒಳ್ಳೆಯ ಕಟ್ಟೆ, ನೆರಳು, ನೋಡುವ ಜನ. ನನ್ನ ಹೆಸರೂ ಉಳಿಯುತ್ತದೆ, ಉಳಿದ ಹತ್ತು ಕಲ್ಲುಗಳೂ ನಕ್ಷೆಯಲ್ಲಿ ಉಳಿಯುತ್ತವೆ, ಚುಕ್ಕಿ ತಪ್ಪಿದ್ದರೇನು? ಅವಳೊಬ್ಬಳು ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ ಸುಣ್ಣ ಬಳಿದು ಬಂದರಾಯಿತು. ಇಷ್ಟು ದೂರ ಯೋಚಿಸಿದ ಮೇಲೆ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಎಂದೋ ದನ ಉಳಿಸಲು ಜಾಗ ಬಿಡದೆ ನಿಂತು ಸತ್ತವನನ್ನು, ಕೆಳಗಿನ ನನ್ನ ಹೆಸರಿಗಾಗಿ ಎಬ್ಬಿಸಿ ಕಳಿಸಲು ಹೊರಟಿದ್ದೆ.

ಐದನೇ ದಿನ ಬರೆದೆ. ಹೊಲದಲ್ಲಿ ತೆಗೆದದ್ದು, ಬಸ್ ನಿಲ್ದಾಣದಲ್ಲಿ ಕಳಿಸಿದ್ದು, ಪ್ರಶ್ನೆ ಓದಲು ಬಾರದೆ ಹಸಿರು ಒತ್ತಿದ್ದು, ಎಲ್ಲವನ್ನೂ ಕನ್ನಡದಲ್ಲಿ ಬರೆದುಕೊಟ್ಟೆ. ಕನ್ನಡ ತೆಗೆದುಕೊಳ್ಳುವ ವ್ಯವಸ್ಥೆ ಅಲ್ಲಿರಲಿಲ್ಲ, ಮೇಡಂ ಇಂಗ್ಲಿಷಿಗೆ ತಿರುಗಿಸಿ ಕಳಿಸಿದರು. ಅವರ ಒಂದು ಲೇಖನಕ್ಕೂ ಇವೇ ಹನ್ನೊಂದು ಕಲ್ಲು ಆಧಾರವಾಗಿದ್ದವು. ಅದರ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ.

ಏಳನೇ ದಿನ ಪತ್ರ ಬಂತು. ಎಂಜಿನಿಯರ್ ಅದನ್ನು ಓದಿ, ತಿಕೋಟಾದ್ದಲ್ಲವಾದರೆ ಕಲ್ಲು ಇಲ್ಲಿಯದೇ ಎಂದು ಒಪ್ಪಿ, ಮಾತಿಗೆ ತಪ್ಪದೆ ಕಾಲುವೆಯ ಗೆರೆಯನ್ನು ಕಲ್ಲಿನಿಂದ ಹತ್ತು ಹೆಜ್ಜೆ ಆಚೆ ಸರಿಸಿದ. ಅವತ್ತೇ ನಕ್ಷೆಯಿಂದ ಹನ್ನೊಂದೂ ಚುಕ್ಕಿ ಹೋದವು. ತಿಕೋಟಾದಿಂದ ಬಬಲೇಶ್ವರದತನಕ ಈಗ ಖಾಲಿ.

ಆ ಖಾಲಿ ಏನು ಮಾಡುತ್ತದೆಂದು ಮಳೆಗಾಲದಲ್ಲಿ ತಿಳಿಯಿತು. ವಿಜಯಪುರದಲ್ಲಿ ಒಂದು ಭಾಷಣ, ದೂರದಿಂದ ಬಂದ ವಿದ್ವಾಂಸರು, ಕೇಳಲು ಯಾರು ಬೇಕಾದರೂ ಬರಬಹುದಿತ್ತು. ಪರದೆಯ ಮೇಲೆ ಅದೇ ನಕ್ಷೆ. ಸುತ್ತಲಿನ ಸೀಮೆಯಲ್ಲೆಲ್ಲ ಚುಕ್ಕಿ, ನಮ್ಮ ಕಡೆ ಬಯಲು. ಈ ಭಾಗದಲ್ಲಿ ವೀರಗಲ್ಲು ನಿಲ್ಲಿಸುವ ರೂಢಿ ಕಡಿಮೆ ಇದ್ದಂತೆ ಕಾಣುತ್ತದೆ ಎಂದು ಅವರು ಹೇಳಿದರು. ನಾನು ಹಿಂದಿನ ಕುರ್ಚಿಯಿಂದ ಎದ್ದು ನಿಂತೆ.

"ಅದಾವ್ರಿ ಸರ್. ನಾ ನೋಡೀನಿ."

ಅವರು ಮರ್ಯಾದೆಯಿಂದಲೇ ಕೇಳಿದರು, ದಾಖಲೆ ಇದೆಯೇ ಎಂದು. ಇತ್ತು, ನಾನೇ ಕೆಡಿಸಿದೆ ಎಂದು ಅಷ್ಟು ಜನರ ಮುಂದೆ ಹೇಗೆ ಹೇಳಲಿ? ಕೂತುಬಿಟ್ಟೆ.

ಮುಂದಿನ ಅಮಾವಾಸ್ಯೆಗೆ ಹೊಲಕ್ಕೆ ಹೋದೆ. ಅವಳು ಆಗಷ್ಟೇ ಸುಣ್ಣ ಬಳಿದು ಮುಗಿಸಿದ್ದಳು, ಮೊಣಕೈತನಕ ಬೆಳ್ಳಗಾಗಿತ್ತು. ಕಲ್ಲು ಉಳಿಯಿತು, ಇವಳಿಗೆ ಅಷ್ಟೇ ಸಾಕು, ನಕ್ಷೆ ಇದ್ದರೇನು ಬಿಟ್ಟರೇನು ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡು ಹೋಗಿದ್ದೆ. ಹಾಗಾಗಿ ಫೋಟೋ ತೆಗೆದುಹಾಕಿದ್ದಾರೆಂಬುದನ್ನು ಮಾತಿನ ನಡುವೆ ಹಗುರಾಗಿ ಹೇಳಿದೆ.

"ಗೊತ್ತೈತ್ರಿ" ಎಂದಳು. ಸೆರಗಿಗೆ ಕೈ ಒರೆಸಿಕೊಂಡಳು. "ಮಗಳು ಹಾಸ್ಟೆಲ್ಲಿನ ಹುಡುಗ್ಯಾರಿಗೆಲ್ಲ ಹೇಳಿದ್ಲಂತ, ನಮ್ಮ ಹೊಲದಾಗ ನಮ್ಮ ಅಜ್ಜನ ಕಲ್ಲೈತಿ, ಫೋನಿನ್ಯಾಗ ಬಂದೈತಿ ಅಂತ. ತೋರ್ಸು ಅಂದ್ರ ಇಲ್ಲ. ಕುರಿ ಕಾಯೋರ ಮನ್ಯಾಗ ಎಲ್ಲೀದು ವೀರಗಲ್ಲು, ಬರೇ ಸುಳ್ಳು ಹೇಳತಾಳ ಅಂತ ನಕ್ರಂತ. ಊಟಾ ಬಿಟ್ಟು ಮಲಗಿತ್ತು ಹುಡುಗಿ."

"ತಪ್ಪು ನಂದು ತಂಗಿ. ನೆಟ್‌ವರ್ಕಿಂದಲ್ಲ. ಜಾಗಾ ತಪ್ಪು ಹಾಕಿದವನೂ ನಾನ, ತಗಸಿದವನೂ ನಾನ."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಜ್ಜ ಇಲ್ಲೇ ಅದಾನ ಅಂತ ನನಗ ಗೊತ್ತೈತ್ರಿ ಅಣ್ಣಾರ. ಗೊತ್ತಿಲ್ಲದವ್ರಿಗೆ ಯಾರ ಹೇಳಬೇಕು?" ಎಂದಳು.

ಮರುದಿನ ಸಂಜೆ ಐದಕ್ಕೆ ನಾನು ಸ್ಟುಡಿಯೋ ಮುಚ್ಚಿ ಆ ಹಾಸ್ಟೆಲಿನ ಗೇಟಿಗೆ ಹೋದೆ. ಕಾವಲಿನ ಹೆಣ್ಣುಮಗಳಿಗೆ ಹೇಳಿ ಹೊಲದವಳ ಮಗಳನ್ನು ಕರೆಸಿದೆ, ಗೆಳತಿಯರನ್ನೂ ಕರೆತಾ ಎಂದೆ. ನಾಲ್ಕೈದು ಹುಡುಗಿಯರು ಬಂದು ಗೇಟಿನ ಆಚೆ ನಿಂತರು. ಈ ವಯಸ್ಸಿನಲ್ಲಿ, ಕಾಲೇಜಿನ ಹುಡುಗಿಯರ ಮುಂದೆ, ತಪ್ಪೊಪ್ಪಿಕೊಳ್ಳಲು ನಿಂತಿದ್ದೆ. ಅವರಿಗೆ ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಫೋಟೋ ಬೇಕೆಂದೇ ಬಿಟ್ಟು ಬಂದಿದ್ದೆ, ತಂದಿದ್ದರೆ ಅದನ್ನು ಮುಂದೆ ಹಿಡಿದು ಮತ್ತೆ ದೊಡ್ಡ ಮನುಷ್ಯನಾಗಿಬಿಡುತ್ತಿದ್ದೆ.

"ಈಕಿ ಸುಳ್ಳು ಹೇಳಿಲ್ರೆವ್ವಾ" ಎಂದೆ. "ಕಲ್ಲು ಐತಿ. ಈಕಿ ಮನಿ ಹೊಲದಾಗೇ ಐತಿ. ಫೋಟೋ ತಗದಾಂವ ನಾನ. ಇಂಗ್ಲಿಷ್ ಓದಾಕ ಬರಲಾರದ ತಪ್ಪು ಗುಂಡಿ ಒತ್ತಿ, ಅದನ್ನ ಇಲ್ಲದಂಗ ಮಾಡಿದಾಂವನೂ ನಾನ."

ಯಾರೂ ನಗಲಿಲ್ಲ. ಹೊಲದವಳ ಮಗಳು ಗೇಟಿನ ಸರಳು ಹಿಡಿದು ತಲೆ ತಗ್ಗಿಸಿ ನಿಂತಿದ್ದಳು. ಆ ಗುಂಪಿನಲ್ಲಿ ಎತ್ತರದ ಒಬ್ಬ ಹುಡುಗಿ, ಬಹುಶಃ ಎಲ್ಲರಿಗಿಂತ ಹೆಚ್ಚು ನಕ್ಕವಳು ಅವಳೇ ಇರಬೇಕು, ಕೇಳಿದಳು:

"ಅಲ್ಲಿಗೆ ಬಸ್ ಐತೇನ್ರಿ ಕಾಕಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಸರಳು ಹಿಡಿದಿದ್ದ ಹುಡುಗಿ ತಲೆ ಎತ್ತಿದಳು. "ಐತಿ" ಎಂದಳು. "ನಾ ಕರಕೊಂಡು ಹೋಗತೀನಿ."